ಬೆಕ್ಕನ್ನು ಮನೆಗೆ ತರುವ ಮುನ್ನ

(ಧಾನ್ಯ ಸಂಗ್ರಹಣೆಯ ಬಗ್ಗೆ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನಡೆದ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಧಾನ್ಯ ಸಂಗ್ರಹಣೆಯ ತರಬೇತಿಯಲ್ಲಿ ಬೇಸಾಯಶಾಸ್ತ್ರದವನೊಬ್ಬ ಬೆಕ್ಕಿನ ವಿಷಯ ಎತ್ತಿಕೊಂಡದ್ದು ಕೆಲವರಿಗೆ ತಮಾಷೆಯಾಗಿ ಕಂಡೀತು. ಆದರೆ ಬೆಳಿಗ್ಗೆಯಿಂದ ನೀವು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಮೇಲೆ ಇಲಿ ಹೆಗ್ಗಣಗಳವು. ಇಲಿಯ ಮಾತು ಬಂದ ಕಡೆಯಲ್ಲೆಲ್ಲ ಯಾರಾದರೊಬ್ಬರು "ಒಂದು ಬೆಕ್ಕು ಸಾಕಿಕೊಂಡರೆ ಆಗೋದಿಲ್ಲವೇ ಸ್ವಾಮಿ?" ಎಂದು ಕೇಳಿಯೇ ಕೇಳುತ್ತಾರೆ. ಆಗುತ್ತದೆ. ಆದರೆ ಎಂತಹ ಬೆಕ್ಕು, ಎಲ್ಲಿಂದ ತಂದದ್ದು, ತಂದ ಮೇಲೆ ಹೇಗೆ ಇಟ್ಟುಕೊಂಡದ್ದು ಎಂಬುದರ ಮೇಲೆ ಫಲ ನಿಂತಿದೆ.

ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಕಾಳಿನ ದೆಸೆಯಿಂದ. ಪಶ್ಚಿಮ ಏಷ್ಯಾದಲ್ಲಿ ಜನ ಗೋಧಿ, ಜವೆಗೋಧಿ ಬೆಳೆದು ಕೂಡಿಡಲು ತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿರುವುದು ಸಿಕ್ಕಿದೆ. 2004ರಲ್ಲಿ ಅದರ ವರದಿ ಪ್ರಕಟವಾಯಿತು. ಎತ್ತಿಗೆ ನೊಗ ಹೂಡಿದೆವು, ನಾಯಿಯನ್ನು ಪಳಗಿಸಿದೆವು. ಬೆಕ್ಕನ್ನು ಮಾತ್ರ ಯಾರೂ ಕಟ್ಟಿಹಾಕಲಿಲ್ಲ; ತಾನಾಗಿ ಬಂದು ಕಣಜದ ಪಕ್ಕದಲ್ಲಿ ಮಲಗಿತು.

ಹಾಗೆಂದು ಬೆಕ್ಕಿನ ಮೇಲೆ ಮಿತಿಮೀರಿದ ಭರವಸೆ ಇಡಕೂಡದು. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಎಂಬ ಪ್ರಸಿದ್ಧ ಪ್ರಾಣಿವಿಜ್ಞಾನಿ ಅಲ್ಲಿನ ಹೊಲಮನೆಗಳಲ್ಲಿ ಬೆಕ್ಕುಗಳನ್ನು ಗಮನಿಸಿ 1953ರಲ್ಲಿ ಒಂದು ಲೇಖನ ಬರೆದರು. ಇಲಿ ತುಂಬಿಕೊಂಡಿರುವ ಮನೆಯನ್ನು ಬೆಕ್ಕು ಖಾಲಿ ಮಾಡಲಾರದು. ಮೊದಲು ಬೇರೆ ವಿಧಾನದಿಂದ ಇಲಿಗಳನ್ನು ತೆಗೆದರೆ, ಅವು ಮತ್ತೆ ಬಂದು ಸೇರದಂತೆ ತಡೆಯಬಲ್ಲದು. ಇದು ಅವರು ಕಂಡ ಮುಖ್ಯ ಅಂಶ. ನ್ಯೂಯಾರ್ಕ್ ನಗರದ ಒಂದು ಕಸದ ಗೋದಾಮಿನಲ್ಲಿ ಕ್ಯಾಮೆರಾ ಇಟ್ಟು 79 ದಿನ ನೋಡಿದವರು 2018ರಲ್ಲಿ ವರದಿ ಕೊಟ್ಟರು: ಅಷ್ಟು ದಿನಗಳಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿ! ಅಲ್ಲಿನವು ನಮ್ಮ ಹೆಗ್ಗಣದಂತೆ ದಪ್ಪ ಇಲಿಗಳು. ಆದರೆ ಬೆಕ್ಕು ಓಡಾಡಿದ ದಿನ ಇಲಿಗಳು ಹೊರಗೆ ಕಾಣಿಸಿಕೊಳ್ಳುವುದು ಕಡಿಮೆಯಾಯಿತು. ಚಿಕ್ಕ ಇಲಿ, ಮನೆ ಇಲಿಯ ಮರಿಗಳಿಗೆ ಬೆಕ್ಕು ಸಾಕು. ಬೆಳೆದ ಹೆಗ್ಗಣಕ್ಕೆ ಬೋನು ಬೇಕು, ಬಾಗಿಲ ಕೆಳಗೆ ತಗಡು ಬೇಕು, ಗೋಡೆಯ ಬಿಲ ಮುಚ್ಚಬೇಕು. ದಿನಕ್ಕೆ 20-25 ಗ್ರಾಂ ಕಾಳು ತಿನ್ನುವ ಇಲಿ ಅದಕ್ಕಿಂತ ಹೆಚ್ಚನ್ನು ಹಿಕ್ಕೆ ಮೂತ್ರಗಳಿಂದ ಕೆಡಿಸುತ್ತದೆ ಎಂಬುದನ್ನು ನೀವೇ ಬಲ್ಲಿರಿ.

ಇನ್ನು ಬೆಕ್ಕನ್ನು ಎಲ್ಲಿಂದ ತರುವುದು? ನಮ್ಮ ಕಡೆ ವಾಡಿಕೆ ಏನೆಂದರೆ, ಪಕ್ಕದ ಮನೆಯ ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದರೆ, ಕಣ್ಣು ಬಿಟ್ಟು ನಡೆದಾಡತೊಡಗಿದ ಕೂಡಲೆ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುವುದು. ತಿಂಗಳೂ ತುಂಬಿರುವುದಿಲ್ಲ. ಅಂತಹ ಮರಿಗಳಲ್ಲಿ ಅನೇಕವು ಭೇದಿಯಾಗಿ ಸಾಯುತ್ತವೆ. ಉಳಿದವು ತಾಯಿಯಿಂದ ಬೇಟೆ ಕಲಿತಿರುವುದಿಲ್ಲ. ತಾಯಿಬೆಕ್ಕು ಮರಿಗಳಿಗೆ ನಾಲ್ಕೈದು ವಾರವಾದ ಮೇಲೆ ತಾನು ಹಿಡಿದ ಇಲಿಯನ್ನು ತಂದು ಮುಂದೆ ಹಾಕಿ ಪಾಠ ಹೇಳುತ್ತದೆ. ಎಂಟು ವಾರಕ್ಕೆ ಮುಂಚೆ ಮರಿಯನ್ನು ಅಗಲಿಸಿದರೆ ಆ ಪಾಠಶಾಲೆ ತಪ್ಪಿತು.

ಬೆಂಗಳೂರಿನಂತಹ ಊರುಗಳಲ್ಲಿ ಈಗ ಇನ್ನೊಂದು ದಾರಿ ಇದೆ, ಅದನ್ನು ಹಳ್ಳಿಯವರು ಅಷ್ಟಾಗಿ ತಿಳಿದಿಲ್ಲ. ಬೀದಿಯಲ್ಲಿ, ಚರಂಡಿಯಲ್ಲಿ, ಕಾರಿನ ಇಂಜಿನ್ನಿನೊಳಗೆ ಸಿಕ್ಕ ಅನಾಥ ಮರಿಗಳನ್ನೂ, ಯಜಮಾನರು ಬಿಟ್ಟುಹೋದ ದೊಡ್ಡ ಬೆಕ್ಕುಗಳನ್ನೂ ಎತ್ತಿ ತಂದು ಕಾಪಾಡುವ ಗುಂಪುಗಳಿವೆ. ಇವುಗಳಲ್ಲಿ ಹಲವಕ್ಕೆ ಕಟ್ಟಡವಿಲ್ಲ, ಫಲಕವಿಲ್ಲ. ಒಂದೊಂದು ಬೆಕ್ಕನ್ನು ಒಬ್ಬೊಬ್ಬ ಸದಸ್ಯರು ತಮ್ಮ ತಮ್ಮ ಮನೆಯಲ್ಲೇ ಇಟ್ಟು ಸಾಕಿ, ಗುಣಪಡಿಸಿ, ಕಾಯಂ ಮನೆ ಸಿಕ್ಕ ಮೇಲೆ ಕಳಿಸಿಕೊಡುತ್ತಾರೆ. ಅವರನ್ನು ‘ಫಾಸ್ಟರ್’ ಎನ್ನುವುದು ರೂಢಿ. ನಾನು ಈ ಭಾಷಣದಲ್ಲಿ ‘ಸಾಕುಮನೆಯವರು’ ಎನ್ನುತ್ತೇನೆ. ಅವರಿಂದ ಬೆಕ್ಕು ಪಡೆಯುವುದಕ್ಕೆ ‘ದತ್ತು’ ಎಂದು ಹೆಸರು. ಹೆಸರು ಕೇಳಿ ನಗಬೇಡಿ. ಅವರು ಮಾಡುವ ವಿಚಾರಣೆ ನೋಡಿದರೆ ಹೆಣ್ಣು ನೋಡಲು ಹೋದಷ್ಟೇ ಗಂಭೀರ.

ಮನೆಗಳಲ್ಲಿ ಹಂಚಿ ಸಾಕುವುದೇಕೆ? ಕೋಳಿ ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐವತ್ತು ಬೆಕ್ಕುಗಳನ್ನು ಒಂದೇ ಕಡೆ ಕೂಡಿಹಾಕಿದರೆ ಒಂದಕ್ಕೆ ಬಂದ ಶೀತ ಎಲ್ಲಕ್ಕೂ ಹರಡುತ್ತದೆ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ವಿಷಾಣು ರೋಗ ಹೊಕ್ಕಿತೆಂದರೆ ಮರಿಗಳು ಸಾಲುಸಾಲಾಗಿ ಸಾಯುತ್ತವೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಬೆಕ್ಕಿನ ಮರಿ ಮನುಷ್ಯನನ್ನು ನಂಬಲು ಕಲಿಯುವುದು ಎರಡನೆಯ ವಾರದಿಂದ ಏಳನೆಯ ವಾರದೊಳಗೆ. ಆ ಕಾಲದಲ್ಲಿ ಕೈ ಸೋಕಿ, ಮಕ್ಕಳ ಗಲಾಟೆ, ಮಿಕ್ಸಿಯ ಸದ್ದು ಕೇಳಿ ಬೆಳೆದ ಮರಿ ಮನೆಗೆ ಹೊಂದುತ್ತದೆ. ಬಿತ್ತನೆಯ ಹದ ತಪ್ಪಿದರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಬೆಳೆ ಸರಿಹೋಗದು, ಇದೂ ಹಾಗೆಯೇ.

ಸಾಕುಮನೆಯವರ ಶ್ರಮ ಕಂಡು ನನಗೆ ಆಶ್ಚರ್ಯವಾದದ್ದುಂಟು. ತಾಯಿಯಿಲ್ಲದ ಹಸುಗೂಸಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಬೆಚ್ಚಗೆ ಹಾಲುಪುಡಿ ಕಲಸಿ ಕುಡಿಸಬೇಕು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿ ದಿನಕ್ಕೆ ಹತ್ತು ಗ್ರಾಂನಷ್ಟು ಏರಬೇಕು. ನಮ್ಮ ಮನೆಗೆ ಬೆಕ್ಕು ಕೊಟ್ಟ ತಾಯಿಯೊಬ್ಬರು ಅಡಿಗೆಮನೆಯ ತಕ್ಕಡಿಯಲ್ಲಿ ಪ್ರತಿ ದಿನ ತೂಗಿ ಪುಸ್ತಕದಲ್ಲಿ ಬರೆದಿಟ್ಟಿದ್ದರು. ನಮ್ಮ ಪ್ರಯೋಗ ತಾಕುಗಳ ದಾಖಲೆಗಳೆಲ್ಲವೂ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹೀಗೆ ಸಾಕಿದವರು ಕೇಳಿದವರಿಗೆಲ್ಲ ಕೊಡುವುದಿಲ್ಲ. ಒಂದು ಅರ್ಜಿ ತುಂಬಿಸುತ್ತಾರೆ. ಮನೆಯಲ್ಲಿ ಎಷ್ಟು ಜನ, ನಾಯಿ ಇದೆಯೇ, ಹಿಂದೆ ಸಾಕಿದ ಬೆಕ್ಕು ಏನಾಯಿತು, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಇವೆಲ್ಲ ಪ್ರಶ್ನೆಗಳು. ಕೆಲವರು ಮನೆಗೆ ಬಂದು ನೋಡುತ್ತಾರೆ, ಕಿಟಕಿಗೆ ಬಲೆ ಹಾಕಿಸಿ ಎನ್ನುತ್ತಾರೆ. ಲಸಿಕೆಯ ಖರ್ಚಿಗೆಂದು ಸ್ವಲ್ಪ ಹಣ ತೆಗೆದುಕೊಳ್ಳುವವರೂ ಇದ್ದಾರೆ. ಅದು ಬೆಕ್ಕಿನ ಬೆಲೆಯಲ್ಲ. ನಾವು ಹೋದಾಗ ಆ ತಾಯಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಸಾರ್, ನಿಮ್ಮ ಮನೇಲಿ ಇಲಿ ಪಾಷಾಣ ಇಡ್ತೀರಾ?" ಬೇಸಾಯಶಾಸ್ತ್ರದವನಿಗೆ ಕೇಳತಕ್ಕ ಪ್ರಶ್ನೆಯೇ ಅದು!

ಇಲ್ಲಿ ಸ್ವಲ್ಪ ನಿಲ್ಲೋಣ. ಬ್ರೊಮಡಿಯೋಲೋನ್ ತಿಂದ ಇಲಿ ಕೂಡಲೆ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಗುಣ ಕೆಟ್ಟು, ಹಲವು ದಿನ ಮಂಕಾಗಿ ತೂಕಡಿಸುತ್ತಾ ಓಡಾಡುತ್ತದೆ. ಓಡಲಾರದ ಇಲಿ ಬೆಕ್ಕಿಗೆ ಸುಲಭದ ತುತ್ತು. ಅಂತಹ ಇಲಿಗಳನ್ನು ತಿನ್ನುತ್ತಾ ಹೋದ ಬೆಕ್ಕಿನ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ವಿಷ ಸೇರುತ್ತದೆ; ಒಸಡು ಬಿಳಿಚಿ, ಮೂಗಿನಲ್ಲೋ ಮಲದಲ್ಲೋ ರಕ್ತ ಕಾಣಿಸುತ್ತದೆ. ಬೇಗ ಒಯ್ದರೆ ಪಶುವೈದ್ಯರು ಕೆ-1 ಜೀವಸತ್ವ ಕೊಟ್ಟು ಉಳಿಸಬಲ್ಲರು. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲ ತಗುಲಿದರೆ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತ್ಯೌಷಧವೇ ಇಲ್ಲ. ಆದುದರಿಂದ ಪಾಷಾಣವೂ ಬೆಕ್ಕೂ ಒಂದೇ ಮನೆಯಲ್ಲಿ ಇರಕೂಡದು. ವಿಷ ಇಡಲೇಬೇಕಾಗಿದ್ದರೆ ಬೆಕ್ಕು ತರುವುದಕ್ಕೆ ಮುಂಚೆ ಆ ಕೆಲಸ ಮುಗಿಸಿ, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂತು, ಉಳಿದ ವಿಷದುಂಡೆ ತೆಗೆದು, ಕನಿಷ್ಠ ಒಂದು ತಿಂಗಳಾದರೂ ಬಿಟ್ಟು ಆಮೇಲೆ ತನ್ನಿ. ಎಲ್ಟನ್‌ರು ಹೇಳಿದ ಕ್ರಮವೂ ಇದಕ್ಕೆ ಹೊಂದುತ್ತದೆ: ಮೊದಲು ತೆರವು, ಆಮೇಲೆ ಬೆಕ್ಕು, ಅಲ್ಲಿಂದ ಮುಂದೆ ಬೋನು ಮಾತ್ರ. ನೆರೆಮನೆಯವರಿಗೂ ತಿಳಿಸಿ, ಬೆಕ್ಕಿಗೆ ಬೇಲಿಯಿಲ್ಲ.

ನಮ್ಮ ರೈತರೊಬ್ಬರು ಇಂತಹ ಗುಂಪಿನವರನ್ನು ಕೇಳಿದಾಗ "ಉಗ್ರಾಣಕ್ಕೆ ಬೇಕು" ಎಂದರಂತೆ. ಅಲ್ಲಿಗೆ ಮಾತು ಮುರಿಯಿತು. ಪಟ್ಟಣದವರಿಗೆ ರೈತರ ಕಷ್ಟ ತಿಳಿಯದು ಎಂದು ಅವರು ನನ್ನೊಡನೆ ಬೇಸರಪಟ್ಟರು. ನನ್ನ ಅಭಿಪ್ರಾಯದಲ್ಲಿ ಎರಡು ಕಡೆಯೂ ನ್ಯಾಯವಿದೆ. ರಾತ್ರಿ ನಿದ್ದೆಗೆಟ್ಟು ಉಳಿಸಿದ ಜೀವ ಬಾವಿಗೆ ಬಿದ್ದೋ, ಬೀದಿನಾಯಿಗಳ ಬಾಯಿಗೆ ಸಿಕ್ಕೋ, ಹೆದ್ದಾರಿಯಲ್ಲೋ ಸಾಯುವುದನ್ನು ಅವರು ಒಪ್ಪುವುದು ಹೇಗೆ? ಇತ್ತ, ಹಳ್ಳಿಯ ದೊಡ್ಡ ಮನೆಯಲ್ಲಿ ಬೆಕ್ಕಿಗೆ ಸಿಗುವ ಬಾಳು ಎರಡು ಕೋಣೆಯ ಫ್ಲಾಟಿನಲ್ಲಿ ಸಿಗದು ಎಂಬುದೂ ಸತ್ಯ. ಇದಕ್ಕೊಂದು ಮಧ್ಯಮಾರ್ಗವಿದೆ. ಇಲಿ ಓಡಾಡುವುದು ಕತ್ತಲಾದ ಮೇಲೆ. ಬೆಕ್ಕಿಗೆ ಹೊರಗೆ ಅಪಾಯ ಹೆಚ್ಚಾಗುವುದೂ ಆಗಲೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಕ್ಕಿಗೆ ಊಟ ಹಾಕಿ, ಹೊರಬಾಗಿಲು ಮುಚ್ಚಿ, ಮನೆ ಮತ್ತು ಉಗ್ರಾಣದ ನಡುವಿನ ಬಾಗಿಲು ತೆರೆದಿಟ್ಟರೆ, ಬೆಕ್ಕು ರಾತ್ರಿಯೆಲ್ಲ ಒಳಗೇ ಇದ್ದು ನಿಮಗೆ ಬೇಕಾದ ಕಡೆಯೇ ಕಾವಲು ಕಾಯುತ್ತದೆ. ಹುಳುವಿಗೆಂದು ಮಾತ್ರೆ ಇಟ್ಟು ಹೊಗೆ ಹಾಕಿದ ಉಗ್ರಾಣಕ್ಕೆ ಮಾತ್ರ ಬಿಡಲೇಕೂಡದು, ಆ ಅನಿಲ ನಿಮಗೂ ಬೆಕ್ಕಿಗೂ ಸಮಾನ ಶತ್ರು. ಬಾವಿಗೆ ಬಲೆ ಹಾಕಿಸಿ, ಇದು ಮಕ್ಕಳಿಗೂ ಒಳ್ಳೆಯದು. ಈ ಏರ್ಪಾಡನ್ನು ಸಾಕುಮನೆಯವರಿಗೆ ಇದ್ದದ್ದು ಇದ್ದಂತೆ ಹೇಳಿ, ಫೋಟೊ ತೋರಿಸಿ. ಒಳಗೇ ಇಡುತ್ತೇನೆಂದು ಸುಳ್ಳು ಹೇಳಿ ತಂದು ಕೊಟ್ಟಿಗೆಗೆ ಬಿಟ್ಟರೆ, ಮುಂದೆ ಬರುವ ರೈತನಿಗೂ ಬಾಗಿಲು ಮುಚ್ಚಿದಂತೆಯೇ.

ಮರಿ ತರುವುದೋ, ಬೆಳೆದದ್ದನ್ನೋ? ಎಲ್ಲರೂ ಮುದ್ದು ಮರಿಯನ್ನೇ ಕೇಳುತ್ತಾರೆ. ರೈತರ ಮನೆಗೆ ಒಂದೆರಡು ವರ್ಷದ ಬೆಕ್ಕು ಮೇಲು ಎಂದು ನಾನು ಹೇಳುತ್ತೇನೆ. ಸೀಸೆಹಾಲಿನಲ್ಲಿ ಬೆಳೆದ ಮರಿ ಮುಂದೆ ಬೇಟೆಯಾಡೀತೋ ಇಲ್ಲವೋ ಹೇಳಲಾಗದು. ಬೆಳೆದ ಬೆಕ್ಕಿನ ಸ್ವಭಾವ ಗೊತ್ತಾಗಿರುತ್ತದೆ, ಅದನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡವರು ನಿಮ್ಮೆದುರಿಗೇ ಇರುತ್ತಾರೆ. ಕೇಳಿ: ಹಲ್ಲಿ, ಇಲಿ ಹಿಡಿದದ್ದುಂಟೇ? ನಾಯಿಗೆ ಬೆದರುತ್ತದೆಯೇ? ಮಕ್ಕಳು ಎತ್ತಿಕೊಂಡರೆ ಪರಚುತ್ತದೆಯೇ? ಮರಳಿನ ತಟ್ಟೆಯಲ್ಲೇ ಮಲ ಮಾಡುತ್ತದೆಯೇ? ಸಂತೆಯಲ್ಲಿ ಎತ್ತು ಕೊಳ್ಳುವಾಗ ಇಷ್ಟು ನೇರವಾದ ಉತ್ತರ ನಿಮಗೆ ಸಿಗುವುದಿಲ್ಲ. ಕರಿಬೆಕ್ಕನ್ನು ಕೇಳುವವರು ಕಡಿಮೆ, ಅದು ಅಡ್ಡ ಬಂದರೆ ಅಪಶಕುನವೆಂದು. ಇಲಿಗೆ ಮಾತ್ರ ಬೆಕ್ಕಿನ ಬಣ್ಣ ಯಾವುದಾದರೂ ಒಂದೇ ಶಕುನ.

ಮನುಷ್ಯರ ಹತ್ತಿರ ಸುಳಿಯದ ಬೆಕ್ಕುಗಳೂ ಇರುತ್ತವೆ. ಅಮೆರಿಕದಲ್ಲಿ ಇಂತಹವಕ್ಕೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಹೊಲಮನೆಗಳ ಕೊಟ್ಟಿಗೆಗಳಿಗೆ ಕೊಡುವ ಏರ್ಪಾಡು ಹಲವು ಕಡೆ ಇದೆ. ಮೊದಲ ಕೆಲವು ವಾರ ಅಲ್ಲಿಯೇ ಕೂಡಿಹಾಕಿ ಊಟ ಕೊಟ್ಟು ಆಮೇಲೆ ಬಿಡುತ್ತಾರೆ. ಇಲ್ಲಿ ಕುಳಿತಿರುವ ವಿಸ್ತರಣಾ ಕಾರ್ಯಕರ್ತರು ಇದನ್ನು ಯೋಚಿಸಬೇಕು. ಪಟ್ಟಣದ ಗುಂಪುಗಳಿಗೂ ಹಳ್ಳಿಯ ರೈತರಿಗೂ ನಡುವೆ ನಿಂತು ಮಾತನಾಡಿಸುವವರಿದ್ದರೆ ಇಲ್ಲಿಯೂ ಆದೀತು.

ತರುವಾಗ ಗೋಣಿಚೀಲ ಬೇಡ. ಮುಚ್ಚಳವಿರುವ ಗಟ್ಟಿ ಬುಟ್ಟಿಯಲ್ಲಿ, ಸಾಕುಮನೆಯಲ್ಲಿ ಅದು ಮಲಗುತ್ತಿದ್ದ ಬಟ್ಟೆಯೊಡನೆ ತನ್ನಿ. ಆ ವಾಸನೆ ಅದಕ್ಕೆ ಧೈರ್ಯ. ಮೊದಲ ಎರಡು ಮೂರು ವಾರ ಒಂದೇ ಕೋಣೆಯಲ್ಲಿಟ್ಟು ಅಲ್ಲಿಯೇ ಊಟ, ನೀರು, ಮರಳಿನ ತಟ್ಟೆ ಕೊಡಿ. ಬಂದ ದಿನವೇ ಹೊರಗೆ ಬಿಟ್ಟ ಬೆಕ್ಕು ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ. ಮೂರು ದಿನ ಮಂಚದ ಕೆಳಗಿನಿಂದ ಬಾರದಿದ್ದರೆ ಎಳೆಯಬೇಡಿ, ಬಂದೀತು.

ಊಟದ ವಿಷಯದಲ್ಲಿ ನಮ್ಮವರದು ಎರಡು ತಪ್ಪು ತಿಳಿವಳಿಕೆ. ಹಸಿದ ಬೆಕ್ಕು ಹೆಚ್ಚು ಇಲಿ ಹಿಡಿಯುತ್ತದೆ ಎಂಬುದು ಒಂದು. ಬೆಕ್ಕಿಗೆ ಬೇಟೆಯ ಚಪಲವೇ ಬೇರೆ, ಹಸಿವೇ ಬೇರೆ. ಹೊಟ್ಟೆ ತುಂಬಿದ್ದರೂ ಹಿಡಿಯುತ್ತದೆ. ಹಸಿದದ್ದು ಊಟ ಸಿಗುವ ಮನೆಗೆ ಹೋಗುತ್ತದೆ, ನಿಮ್ಮ ಉಗ್ರಾಣ ಬರಿದಾಗುತ್ತದೆ. ಎಲ್ಟನ್‌ರು ನೋಡಿದ ಹೊಲಮನೆಗಳಲ್ಲೂ ಹಾಲು ಕೊಟ್ಟು ಬೆಕ್ಕುಗಳನ್ನು ಮನೆಯ ಸುತ್ತ ಉಳಿಸಿಕೊಂಡದ್ದು. ಎರಡನೆಯದು, ಹಾಲನ್ನ ಸಾಕೆಂಬುದು. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿಗೆ ಹೆದರಿದ ಕಥೆ ನಿಮಗೆಲ್ಲ ಗೊತ್ತು. ಅವನ ಬೆಕ್ಕು ಸೊರಗಿದ್ದಕ್ಕೆ ಕಾರಣ ಬೇರೆ. ಆದರೆ ಬರೀ ಹಾಲನ್ನ ತಿಂದ ಬೆಕ್ಕೂ ಸೊರಗುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಸುವಿನ ಹಾಲು ಅರಗದೆ ಭೇದಿಯಾಗುತ್ತದೆ. ಮಾಂಸದಲ್ಲಿರುವ ಟಾರಿನ್ ಎಂಬ ಪದಾರ್ಥವಿಲ್ಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆಂದು 1975ರಲ್ಲೂ, ಹೃದಯ ಕೆಡುತ್ತದೆಂದು 1987ರಲ್ಲೂ ವಿಜ್ಞಾನಿಗಳು ತೋರಿಸಿದರು. ಮೀನು, ಕೋಳಿಯ ಗುಂಡಿಗೆ, ಯಕೃತ್ತು ಸ್ವಲ್ಪ ಸ್ವಲ್ಪ ಕೊಡಬಹುದು. ಸಸ್ಯಾಹಾರದ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರ ತರಬೇಕಾಗುತ್ತದೆ. ಅದೂ ಬೇಡವೆನ್ನುವವರು ಬೆಕ್ಕು ಸಾಕದಿರುವುದೇ ಲೇಸು.

ಸಾಕುಮನೆಯವರು ಬೆಕ್ಕಿನ ಜೊತೆಗೆ ಲಸಿಕೆಯ ಚೀಟಿ ಕೊಡುತ್ತಾರೆ. ಅದನ್ನು ಪಹಣಿಯಷ್ಟೇ ಜೋಪಾನವಾಗಿ ಇಡಿ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಹುಚ್ಚು ರೋಗ ನಾಯಿಯಿಂದ ಮಾತ್ರವೆಂದು ತಿಳಿದವರಿದ್ದಾರೆ, ಬೆಕ್ಕಿನಿಂದಲೂ ಬರುತ್ತದೆ. ಯಾವ ಬೆಕ್ಕು ಕಚ್ಚಿದರೂ ಪರಚಿದರೂ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಿ ಮನೆಯಲ್ಲಿ ಕೂರಬೇಡಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಮಾಡಿಸುವುದಾಗಿ ಬರೆಸಿಕೊಳ್ಳುತ್ತಾರೆ. ಇದರಲ್ಲಿ ಹಿಂಜರಿಕೆ ಬೇಡ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸೂಲು. ಗಂಡು ಬೆಕ್ಕಾದರೆ ಊರೂರು ತಿರುಗಿ, ಕಾದಾಡಿ, ಹರಿದ ಕಿವಿಯೊಡನೆ ಬರುತ್ತದೆ. ಚಿಕಿತ್ಸೆಯಾದ ಬೆಕ್ಕು ಬೇಟೆ ಬಿಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಔಷಧಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ಜ್ವರವೆಂದು ಪ್ಯಾರಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ದನಕ್ಕೆ, ನಾಯಿಗೆ ಹಚ್ಚುವ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ. ಅದು ಮಲಗುವ ನೆಲಕ್ಕೆ ಫಿನಾಯಿಲ್ ಬೇಡ, ಪಾದ ನೆಕ್ಕಿದಾಗ ವಿಷವಾಗುತ್ತದೆ.

ಕುರಿ ಸಾಕುವವರು ಒಂದು ವಿಷಯ ಗಮನಿಸತಕ್ಕದ್ದು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹರಡಬಹುದು. ಅದರಿಂದ ಕುರಿ ಮೇಕೆಗಳು ಕಂದು ಹಾಕುತ್ತವೆ, ಗರ್ಭಿಣಿಯರಿಗೂ ತೊಂದರೆ. ತೆರೆದ ಕಾಳಿನ ರಾಶಿ, ಹಿಂಡಿಯ ಮೂಟೆ, ಒಣಮೇವು ಬೆಕ್ಕಿಗೆ ಮರಳಿನಂತೆಯೇ ಕಾಣುತ್ತದೆ. ಆದುದರಿಂದ ಕಾಳನ್ನು ಮುಚ್ಚಿಡಿ, ಮೂಲೆಯಲ್ಲಿ ಮರಳಿನ ತಟ್ಟೆ ಇಡಿ. ಮಲದಲ್ಲಿನ ಈ ಜೀವಿ ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತಟ್ಟೆ ತೆಗೆದು ಹೂತರೆ ಭಯವಿಲ್ಲ. ಬಸುರಿ ಹೆಂಗಸರು ಆ ಕೆಲಸ ಮಾಡಕೂಡದು, ಮನೆಯ ಗಂಡಸರು ಮಾಡಲಿ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಹೊಂದಿಕೆಯಾಗುವುದಿಲ್ಲ. ನಾಯಿ ಬಿಡುವುದಿಲ್ಲ, ಮನೆಯವರಲ್ಲೊಬ್ಬರಿಗೆ ಉಬ್ಬಸ ಬರುತ್ತದೆ, ಬೆಕ್ಕು ಮೂರು ತಿಂಗಳಾದರೂ ಮೂಲೆ ಬಿಡುವುದಿಲ್ಲ. ಆಗ ಗೋಣಿಯಲ್ಲಿ ಕಟ್ಟಿ ಸಂತೆಮಾಳಕ್ಕೋ ಹೊಳೆಯಾಚೆಗೋ ಬಿಟ್ಟು ಬರುವುದು ನಮ್ಮ ಹಳೆಯ ಅಭ್ಯಾಸ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸಾಕುಮನೆಯಿಂದ ತಂದ ಬೆಕ್ಕಿನಲ್ಲಿ ಅದರ ಅವಶ್ಯಕತೆಯೂ ಇಲ್ಲ. ದತ್ತು ಪತ್ರದಲ್ಲಿ ಸಾಮಾನ್ಯವಾಗಿ ಬೇಡವಾದರೆ ನಮಗೇ ಹಿಂದಿರುಗಿಸಿ ಎಂದು ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ತರುವ ದಿನವೇ ಕೇಳಿ ಬರೆಸಿಕೊಳ್ಳಿ. ಫೋನ್ ಮಾಡಿ, ಬುಟ್ಟಿಯಲ್ಲಿಟ್ಟು, ಲಸಿಕೆಯ ಚೀಟಿಯೊಡನೆ ಒಯ್ದು ಕೊಡಿ. ಕೊಡುವಾಗ ಅದು ಏನು ತಿನ್ನುತ್ತಿತ್ತು, ಯಾವುದಕ್ಕೆ ಹೆದರುತ್ತಿತ್ತು ಎಂಬುದನ್ನು ಮರೆಯದೆ ಹೇಳಿ. ಅದನ್ನು ಮುಂದೆ ಕೊಂಡೊಯ್ಯುವವರಿಗೆ ಅದು ಬೇಕಾಗುತ್ತದೆ.